ಕುರುಗೋಡಿನ ಎರಡನೇ ಬಾಟಲಿ

೧೮೯೨ನೇ ಇಸವಿ ಏಪ್ರಿಲ್ ಹನ್ನೆರಡು, ಮಂಗಳವಾರ. ಬಿಸಿಲು ಏರುವ ಮೊದಲೇ ಬಳ್ಳಾರಿಯ ಪೇಟೆ ಠಾಣೆಗೆ ಹತ್ತಿ ಒತ್ತಿ ಬೇಲು ಕಟ್ಟುವ ಪ್ರೆಸ್ಸಿನ ಮಾಲೀಕ ಚಂದ್ರಣ್ಣ ಬಂದ. ಅವನ ಹಿಂದೆ ಕರಿ ಕೋಟಿನ ಸಣಕಲು ಮನುಷ್ಯನೊಬ್ಬ ಬಂದು ಗೋಡೆಗೆ ಒರಗಿ ನಿಂತ. ಅವನು ಕುರುಗೋಡಿನ ಸುಂಕಣ್ಣ, ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿದ ಬಿ.ಎ. ಪದವೀಧರ.

ಇನ್‌ಸ್ಪೆಕ್ಟರ್ ದಸ್ತಗೀರಸಾಬ ಕಾಗದ ಎಳೆದುಕೊಂಡ. ರಂಜಾನ್ ತಿಂಗಳು. ರೋಜಾ ಹಿಡಿದವನ ಬಾಯಿಂದ ಮಾತು ಎಣಿಸಿ ಬರುತ್ತದೆ. ಉಳಿದ ತಿಂಗಳುಗಳಲ್ಲೂ ಅವನದು ಹಾಗೆಯೇ ಎಂದು ಹೆಡ್ ಕಾನ್‌ಸ್ಟೇಬಲ್ ಓಬಳೇಶ ಹೇಳುತ್ತಿದ್ದ.

"ಏನು ಕಳುವಾಗೈತ್ರಿ?"

"ನೀರಿನಂಥಾದ್ದು ಸಾಹೇಬ್ರ" ಎಂದ ಚಂದ್ರಣ್ಣ. "ಅದರ ಹೆಸರು ನನ್ನ ನಾಲಿಗಿಗೆ ತಿರುಗಂಗಿಲ್ಲ. ಇವರನ್ನ ಕೇಳ್ರಿ."

"ಐಸೊಪ್ರೀನ್" ಎಂದ ಸುಂಕಣ್ಣ. "ಟರ್ಪೆಂಟೈನ್ ಎಣ್ಣಿ ಹಬಿಯನ್ನ ಕೆಂಪಗ ಕಾಸಿದ ಕೊಳವಿಯೊಳಗ ಹಾಯಿಸಿ ಹನಿ ಹನಿಯಾಗಿ ಹಿಡಿದದ್ದು. ಎರಡು ವರ್ಷ ಹಿಡೀತು. ಅದರಿಂದ ರಬ್ಬರು ಆಗ್ತೈತಿ."

ಪ್ರೆಸ್ಸಿನ ಉಗಿಯಂತ್ರದ ಕೊಳವೆಗಳ ಸಂದಿಗೆ ರಬ್ಬರಿನ ಬಳೆ ಬೇಕು. ಅದು ಎಲ್ಲಿಯದೋ ಕಾಡಿನ ಮರದ ಹಾಲು ಹೆಪ್ಪುಗಟ್ಟಿ, ಹಡಗು ಹತ್ತಿ ಬರಬೇಕು. ಮರವಿಲ್ಲದೆ ರಬ್ಬರು ಮಾಡುತ್ತೇನೆಂದ ಸುಂಕಣ್ಣನಿಗೆ ಚಂದ್ರಣ್ಣ ಪ್ರೆಸ್ಸಿನಲ್ಲೇ ಒಲೆ ಹಾಕಿಸಿಕೊಟ್ಟಿದ್ದ. ಕೊನೆಗೆ ಎರಡು ಬಾಟಲಿ ದ್ರವ ಬಂತು. ಕಳೆದ ವರ್ಷದ ಯುಗಾದಿಗೆ ಮುಂಚೆ ಎರಡಕ್ಕೂ ಬೂಚು ಜಡಿದು, ತಂತಿ ಬಿಗಿದು, ಅರಗು ಸುರಿದು, ಚಂದ್ರಣ್ಣ ತನ್ನ ಉಂಗುರದ ನಂದಿ ಮುದ್ರೆ ಒತ್ತಿದ. ಬೆಂಕಿ ಬಿದ್ದರೆ ಒಂದಾದರೂ ಉಳಿಯಲೆಂದು ಒಂದನ್ನು ಸುಂಕಣ್ಣ ಕುರುಗೋಡಿನ ತಾಯಿಯ ಮನೆಯಲ್ಲಿಟ್ಟ. ಇನ್ನೊಂದು ಪ್ರೆಸ್ಸಿನಲ್ಲೇ ಉಳಿಯಿತು. ಆಮೇಲೆ ಅವನು ಕಾಲೇಜಿನ ಕೆಲಸಕ್ಕೆಂದು ಮದರಾಸಿಗೆ ಹೋದವನು ಈ ತಿಂಗಳಷ್ಟೇ ಮರಳಿದ್ದ.

"ಭಾನುವಾರ ಮದರಾಸಿಂದ ರಬ್ಬರ್ ಕಂಪನಿ ದೊರಿ ಬಂದಿದ್ದ" ಎಂದ ಚಂದ್ರಣ್ಣ. "ಅವನ ಕಣ್ಣೆದುರಿಗೆ ಸುಂಕಣ್ಣ ಆ ನೀರನ್ನ ರಬ್ಬರು ಮಾಡಿ ತೋರಿಸಬೇಕಿತ್ತು. ಮುದ್ರಿ ನಾನ ಒಡದೆ. ಒಳಗ ನೀರಿಲ್ಲ! ಜೇನಿನಂಗ ಅಂಟು, ಅದರಾಗ ಹಳದಿ ರಬ್ಬರ್ ಗಡ್ಡಿ ತೇಲಾಡ್ತಾವು. ದೊರಿ ನಕ್ಕು ರೈಲು ಹತ್ತಿದ. ಯಾರೋ ಒಳಗ ಹೊಕ್ಕು ನೀರು ಕದ್ದು, ಇದನ್ನ ತುಂಬಿ ಸುಳ್ಳು ಮುದ್ರಿ ಒತ್ಯಾರ ಅಂದ ಸುಂಕಣ್ಣ."

"ಯಾರ ಮ್ಯಾಲ ಅನುಮಾನ?"

"ಅನುಮಾನ ಏನು ಬಂತು, ಸಿಕ್ಕೇಬಿಟ್ಟ. ಕಾವಲುಗಾರ ದಾವಲಸಾಬ. ಕಳ್ಳನ ಬಾಯಿ ಅಂಜಿಕಿಗೆ ಒಣಗತೈತಂತ ದುರ್ಗಮ್ಮನ ಗುಡಿ ಅಕ್ಕಿ ಎಲ್ಲಾರಿಗೂ ಜಗಿಸಿದೆವು. ಎಲ್ಲರ ಅಕ್ಕಿ ಹಸಿಯಾತು, ಅವನೊಬ್ಬನದು ಹಿಟ್ಟಿನಂಗ ಒಣಗೇ ಬಂತು. ಕಂಬಕ್ಕ ಕಟ್ಟಿಹಾಕಿದ್ವಿ. ಬೆಳಕು ಹರಿಯೋದರಾಗ ಪರಾರಿ!"

ದೂರಿಗೆ ಇಬ್ಬರೂ ಸಹಿ ಹಾಕಿದರು. ಪ್ರಥಮ ವರ್ತಮಾನ ವರದಿಯಲ್ಲಿ ಆರೋಪಿಯ ಹೆಸರು ಬಂತು: ದಾವಲಸಾಬ, ಕೆಂಚನಗುಡ್ಡ, ಸಿರುಗುಪ್ಪ ತಾಲೂಕು.

*

ಅದೇ ದಿನ ಸ್ಥಳ ಪಂಚನಾಮೆ ನಡೆಯಿತು. ಬಾಟಲಿ ಇಟ್ಟಿದ್ದ ಕೋಣೆ ಎಂಜಿನ್ ಮನೆಗೆ ಅಂಟಿಕೊಂಡಿತ್ತು. ತಗಡಿನ ಮಾಡು, ಪಡುವಣಕ್ಕೆ ಸರಳಿನ ಕಿಟಕಿ. ಅಲ್ಲಿ ನಿಂತರೆ ಬೆನ್ನು ಬೇಯುತ್ತಿತ್ತು. ಕೀಲಿ ವರ್ಷವಿಡೀ ಚಂದ್ರಣ್ಣನ ಸೊಂಟದಲ್ಲೇ ಇತ್ತು. ಆ ದ್ರವ ಹೊತ್ತಿ ಉರಿಯುತ್ತದೆಂಬ ಅಂಜಿಕೆಗೆ ಅವನು ಒಮ್ಮೆಯೂ ಬೀಗ ತೆಗೆದಿರಲಿಲ್ಲ.

ದಸ್ತಗೀರಸಾಬ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಸೋಡಾ ಬಾಟಲಿಯಂಥ ದಪ್ಪ ಗಾಜು. ಕುತ್ತಿಗೆ ಹೆಬ್ಬೆರಳಿನಷ್ಟೇ ಅಗಲ. ಒಳಗಿನ ಗಡ್ಡೆ ಮುಷ್ಟಿಯಷ್ಟಿತ್ತು.

"ಇಷ್ಟು ದೊಡ್ಡದು ಇಷ್ಟು ಸಣ್ಣ ಬಾಯಾಗ ಹ್ಯಾಂಗ ಹೋತು?"

"ರಬ್ಬರ್ ಅಲ್ಲೇನ್ರಿ, ಹಿಂಡಿದ್ರ ಹೋಗ್ತೈತಿ" ಎಂದ ಸುಂಕಣ್ಣ. ಪ್ರಶ್ನೆ ಬರುವ ಮೊದಲೇ ಉತ್ತರ ತಯಾರಾಗಿ ಕುಳಿತಂತಿತ್ತು.

"ಕದ್ದವನು ಬರೇ ನೀರು ತುಂಬಿ ಇಡಬಹುದಿತ್ತು. ರಬ್ಬರ್ ಯಾಕ ಹುಡುಕಿ ತಂದ?"

ಸುಂಕಣ್ಣ ಒಡೆದ ಅರಗಿನ ಚೂರನ್ನು ಬೆರಳಿನಿಂದ ಸರಿಸಿದ. ಇನ್‌ಸ್ಪೆಕ್ಟರ್ ಒತ್ತಾಯಿಸಲಿಲ್ಲ. ಬೇರೆ ಕಡೆಯಿಂದ ಬಂದ.

"ನೀವು ಇದನ್ನ ರಬ್ಬರ್ ಮಾಡೋದು ಹ್ಯಾಂಗ? ನನಗ ತಿಳಿಯೂ ಹಂಗ ಹೇಳ್ರಿ."

ಸುಂಕಣ್ಣನ ಮುಖ ಬೇರೆಯಾಯಿತು. ಕೋಟಿನ ತೋಳು ಹಿಂದಕ್ಕೆ ಸರಿಸಿದ. "ಈ ದ್ರವದ ಕಣಗಳೆಲ್ಲ ಒಂದೇ ಜಾತಿಯವು. ಬಿಡಿಬಿಡಿಯಾಗಿ ಓಡಾಡ್ತಿರ್ತಾವು, ಅದಕ್ಕ ನೀರಿನಂಗ ಹರೀತೈತಿ. ಒಂದೊಂದಕ್ಕೂ ಕೈ ಅದಾವು, ಆದ್ರ ಮಡಚಿಕೊಂಡಿರ್ತಾವು. ನಾನು ಉಪ್ಪಿನ ಆಮ್ಲ ಹಾಕಿದ್ರ ಒಂದು ಕೈ ಬಿಚ್ಚಿ ಮಗ್ಗಲದ್ದನ್ನ ಹಿಡೀತೈತಿ, ಅದು ಅದರ ಮಗ್ಗಲದ್ದನ್ನ. ಸಾವಿರಾರು ಕಣ ಸೇರಿ ಸರಪಳಿ ಆದ್ರ ಅದ ರಬ್ಬರ್. ಎಳೆದ್ರ ಹಿಗ್ಗತೈತಿ, ಬಿಟ್ರ ಕುಗ್ಗತೈತಿ. ಪಾಲಿಮರ್ ಅಂತಾರ. ಎರಡು ಜಾತಿ ಕಣ ಬೆರಸಿ ಹೆಣೆದ್ರ ಇನ್ನೂ ಗಟ್ಟಿ ರಬ್ಬರ್ ಆಗಬಹುದು. ಅದನ್ನ ಇನ್ನೂ ಯಾರೂ ಮಾಡಿಲ್ಲ."

"ಎಲ್ಲಾ ಕೂಡಿಕೆ ಹಿಂಗ ಏನು?"

"ಇಲ್ಲ, ಇನ್ನೊಂದು ಬಗಿ ಐತಿ. ಅದರಾಗ ಕೂಡೋ ಹೊತ್ತಿಗೆ ಎರಡೂ ತಮ್ಮೊಳಗಿಂದ ಏನಾರ ಒಂದನ್ನ ಹೊರಗ ಹಾಕ್ತಾವು. ಬಹಳ ಸಲ ನೀರು. ಹೊರಗ ಹಾಕದ ಕೂಡಾಕ ಬರಂಗಿಲ್ಲ. ಈ ರಬ್ಬರಿನಾಗ ಹಂಗಿಲ್ಲ. ಯಾವುದೂ ಹೊರಗ ಹೋಗಂಗಿಲ್ಲ, ಇದ್ದದ್ದೆಲ್ಲ ಒಳಗ."

"ನಿಮ್ಮ ಆಮ್ಲ ಇಲ್ಲದ, ತಾನಾಗೇ ಕೈ ಬಿಚ್ಚಂಗಿಲ್ಲೇನು?"

ಸುಂಕಣ್ಣ ತೋಳು ಕೆಳಗಿಳಿಸಿದ. ಎಂಜಿನ್ ಮನೆಯ ಸದ್ದು ಗೋಡೆ ದಾಟಿ ಬರುತ್ತಿತ್ತು. "ಇಲ್ಲ" ಎಂದ.

ಇಪ್ಪತ್ತು ವರ್ಷದ ನೌಕರಿಯಲ್ಲಿ ದಸ್ತಗೀರಸಾಬ ಕಲಿತದ್ದು ಒಂದೇ. ಸುಳ್ಳನ್ನು ಹುಡುಕಬೇಕಾದದ್ದು ಮಾತಿನಲ್ಲಲ್ಲ, ಮಾತಿಗೆ ಮುಂಚಿನ ಮೌನದಲ್ಲಿ. ಈ ಮೌನವನ್ನು ಅವನು ಎತ್ತಿಟ್ಟುಕೊಂಡ.

ಹೊರಡುವಾಗ ಚಂದ್ರಣ್ಣನನ್ನು ಬದಿಗೆ ಕರೆದ. "ಅಕ್ಕಿ ಜಗಿಸ್ರಿ ಅಂತ ಮದಲು ಅಂದವರು ಯಾರು?"

"ಸುಂಕಣ್ಣನ ಅಂದದ್ದು. ನಾನೇ ದಂಗಾದೆ. ಗುಡಿ ಮುಂದ ಹಾದ್ರೂ ಕೈ ಮುಗಿಯೋ ಮನಷ್ಯಾ ಅಲ್ಲ."

"ಯಾವ ಹೊತ್ತಿನ್ಯಾಗ?"

"ಸಂಜಿ ಮುಂದ. ಹೊತ್ತು ಇನ್ನೂ ಇತ್ತು."

ದಸ್ತಗೀರಸಾಬನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅದನ್ನು ಬಿಡಿಸಿಕೊಂಡು "ಬರ್ತೀನಿ" ಎಂದ.

*

ಸಿರುಗುಪ್ಪದ ದಾರಿಯಲ್ಲಿ ಗಾಡಿಯ ಎತ್ತುಗಳು ಬಾಯಿ ತೆರೆದು ನಡೆಯುತ್ತಿದ್ದವು. ಓಬಳೇಶ ನೀರಿನ ತಂಬಿಗೆಯನ್ನು ಒಮ್ಮೆ ಎತ್ತುವುದು, ಒಮ್ಮೆ ಇಡುವುದು ಮಾಡಿದ.

"ಸಾಹೇಬ್ರ, ಪ್ರಯಾಣದಾಗ ರೋಜಾ ಬಿಡಾಕ ಬರ್ತೈತಂತಲ್ರಿ."

"ಬರ್ತೈತಿ."

"ಮತ್ತ ಬಿಡ್ರಿ. ನಿಮ್ಮ ಮಾರಿ ನೋಡಿದ್ರ ನನಗ ನೀರು ಇಳಿಯವಲ್ದು. ನಿಮಗ ಪುಣ್ಯ, ನನಗ ಬರೇ ಒಣ ಗಂಟಲು."

"ಮಾರಿ ಆ ಕಡಿ ಮಾಡಿ ಕುಡಿಯಲೇ."

ಕೆಂಚನಗುಡ್ಡದಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. ದಾವಲಸಾಬ ದಂಡೆಯಲ್ಲಿ ಹರಿಗೋಲಿನ ತೊಗಲಿಗೆ ಹೊಲಿಗೆ ಹಾಕುತ್ತಿದ್ದ. ಪೊಲೀಸರನ್ನು ಕಂಡು ಅವನು ಓಡಲಿಲ್ಲ. ಎದ್ದು ಕೈ ಒರೆಸಿಕೊಂಡು ಸಲಾಮು ಮಾಡಿದ. ಮಣಿಕಟ್ಟಿನಲ್ಲಿ ಹಗ್ಗದ ಗಾಯ ಇನ್ನೂ ಹಸಿಯಾಗಿತ್ತು.

"ಸಾವ್ಕಾರ್ರು ಕರಸ್ಯಾರೇನ್ರಿ?"

"ಯಾಕ ಓಡಿ ಬಂದಿ?"

"ಓಡಿಲ್ರಿ. ಸುಂಕಣ್ಣ ಸಾಮಿಗಳು ಹಗ್ಗ ಬಿಚ್ಚಿ ಕಳಿಸಿದ್ರು. ಹಬ್ಬ ಮುಗಿಸಿಕೊಂಡು ಬಾ, ಅಷ್ಟರಾಗ ಸಾವ್ಕಾರ್ರ ಸಿಟ್ಟು ಇಳಿಸ್ತೀನಿ ಅಂದ್ರು."

"ಬಾಟಲಿ ಮುಟ್ಟಿದ್ಯಾ?"

"ಕಿಟಕ್ಯಾಗಿಂದ ನೋಡೀನ್ರಿ. ದಿನಾ ನೋಡ್ತಿದ್ದೆ. ಮದಲು ನೀರಿನಂಗಿತ್ತು. ಬರ್ತಾ ಬರ್ತಾ ಜೇನಿನಂಗಾತು. ಆಮ್ಯಾಲ ಗಡ್ಡಿ ಬಿದ್ವು."

"ಅರಗು?"

"ಹಂಗೇ ಇತ್ರಿ. ಬಸವಣ್ಣನ ಮುದ್ರಿ ಕಾಣ್ತಿತ್ತು."

"ಯಾರಿಗೂ ಹೇಳಲಿಲ್ಲ ಯಾಕ?"

ದಾವಲಸಾಬ ಏನೋ ಹೇಳಹೋದ. ಅಷ್ಟರಲ್ಲಿ ಓಬಳೇಶ ಬೇಡಿ ತೆಗೆದದ್ದು ಕಂಡು ಬಾಯಿ ಮುಚ್ಚಿದ. ವರದಿಯಲ್ಲಿ ಹೆಸರಿದ್ದ ಮೇಲೆ ಬಂಧನ ತಪ್ಪುವಂತಿರಲಿಲ್ಲ. ಕಾವಲುಗಾರನ ಬಳಿ ಮಾರಲಿಕ್ಕಿರುವುದು ನಂಬಿಕೆಯೊಂದೇ. ಕಳ್ಳನೆನಿಸಿಕೊಂಡವನಿಗೆ ಬಳ್ಳಾರಿಯಲ್ಲಿ ಯಾರೂ ಇನ್ನೊಂದು ಬಾಗಿಲು ಕಾಯಲು ಕೊಡುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಅವನ ಹೆಂಡತಿ ಇಮಾಂಬೀ ಗುಡಿಸಲಿನಿಂದ ಹೊರಗೆ ಬಂದಳು. ಅಳಲಿಲ್ಲ.

"ಸಾಹೇಬ್ರ, ಒಯ್ಯೋದು ಒಯ್ಯಿರಿ. ಊರ ನಡುವಿಂದ ಬ್ಯಾಡ. ಹೊಳಿ ದಂಡಿಗುಂಟ ಒಯ್ಯಿರಿ. ಊರು ಒಮ್ಮಿ ನೋಡಿದ್ದನ್ನ ಆಮ್ಯಾಲ ಯಾರೂ ಒರಸಾಕ ಆಗಂಗಿಲ್ಲ."

ಇನ್‌ಸ್ಪೆಕ್ಟರ್ ದಂಡೆಯ ದಾರಿಯನ್ನೇ ಹಿಡಿದ. ಬಂಡೆಗಳ ಮೇಲೆ ಬಟ್ಟೆ ಒಗೆಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು.

*

ಮರಳುವಾಗ ಗಾಡಿಯನ್ನು ಕುರುಗೋಡಿಗೆ ತಿರುಗಿಸಿದರು. ಸುಂಕಣ್ಣನ ತಾಯಿ ಗಾದೆಮ್ಮನ ಮನೆ ಗುಡ್ಡದ ಬುಡದಲ್ಲಿತ್ತು. ಬೇಡಿ ಹಾಕಿಕೊಂಡು ಗಾಡಿಯಲ್ಲಿ ಕುಳಿತವನನ್ನು ಕಂಡು ಮುದುಕಿ ಮೊದಲು ನೀರು ತಂದಳು. ದಾವಲಸಾಬ ತಲೆಯಲ್ಲಾಡಿಸಿದ.

"ನಿಮ್ಮ ಮಗಾ ಒಂದು ಬಾಟಲಿ ಕೊಟ್ಟಿದ್ನಲ್ಲಬೇ, ಎಲ್ಲೈತಿ?" ಎಂದು ದಸ್ತಗೀರಸಾಬ ಕೇಳಿದ.

ಗಾದೆಮ್ಮ ಸೆರಗಿನ ಅಂಚು ಹಿಚುಕಿದಳು. "ಅಂವ ಕಳಿಸ್ಯಾನೇನಪ್ಪಾ?"

"ಇಲ್ಲ."

ಅವಳು ಹೊಸ್ತಿಲ ಮೇಲೆ ಕುಳಿತಳು. ಆಮೇಲೆ ತಾನೇ ಹೇಳಿದಳು. "ಮೊನ್ನಿ ಮದರಾಸಿಂದ ಸೀದಾ ಇಲ್ಲಿಗೇ ಬಂದ. ಬಾಟಲಿ ಬೆಳಕಿಗೆ ಹಿಡದು ನೋಡಿದ. ನೋಡಿ ಹಂಗೇ ಕುಂತುಬಿಟ್ಟ. ರೊಟ್ಟಿ ಮುಟ್ಟಲಿಲ್ಲ. ಹೋಗೋವಾಗ ಇದನ್ನ ತಿಪ್ಪ್ಯಾಗ ಹೂಳು, ಯಾರಿಗೂ ತೋರಿಸಬ್ಯಾಡ ಅಂದ. ಎರಡು ವರ್ಷ ಬೆಂಕಿ ಮುಂದ ಕುಂತು ಕಣ್ಣು ಸುಟಗೊಂಡು ಮಾಡಿದ್ದಪ್ಪಾ. ಹೆತ್ತಾಕಿ, ನಾ ಹ್ಯಾಂಗ ತಿಪ್ಪಿಗೆ ಹಾಕ್ಲಿ?"

ಒಳಗೆ ಹೋಗಿ ಜೋಳದ ಗುಡಾಣದಲ್ಲಿ ಮೊಣಕೈವರೆಗೆ ತೋಳು ಇಳಿಸಿ ಬಾಟಲಿ ತೆಗೆದಳು. ಗಾಜಿಗೆ ಹಿಟ್ಟಿನ ಧೂಳು ಮೆತ್ತಿತ್ತು. ದಸ್ತಗೀರಸಾಬ ಕರವಸ್ತ್ರದಿಂದ ಒರೆಸಿದ. ತಂತಿ ಬಿಗಿಯಾಗಿತ್ತು, ಅರಗಿನಲ್ಲಿ ಒಂದು ಗೀರೂ ಇರಲಿಲ್ಲ. ನಂದಿಯ ಕೊಂಬು, ಡುಬ್ಬ ಸ್ಪಷ್ಟವಾಗಿ ಮೂಡಿದ್ದವು. ಒಳಗೆ ಜೇನಿನಂಥ ಅಂಟು, ಅದರ ನಡುವೆ ಹಳದಿ ಗಡ್ಡೆ. ತಂಪು ಮನೆಯದ್ದಾದ್ದರಿಂದ ಇದು ಸ್ವಲ್ಪ ಸಣ್ಣದು, ಅಷ್ಟೇ.

ಯಾರೂ ತೆರೆಯದ ಬಾಟಲಿಯಲ್ಲಿ ಯಾರೂ ಹಾಕದ ರಬ್ಬರು. ಕಾಲವೂ ಸೆಕೆಯೂ ಸೇರಿ ಮಡಚಿದ ಕೈಗಳನ್ನು ಬಿಚ್ಚಿದ್ದವು. ಬಳ್ಳಾರಿಯಲ್ಲೂ ಆದದ್ದು ಇದೇ. ಕಳವು ನಡೆದೇ ಇರಲಿಲ್ಲ. ದೊರೆ ಬರುವ ಮೊದಲೇ ಸುಂಕಣ್ಣನಿಗೆ ಅದು ತಿಳಿದಿತ್ತು.

ಊರಿನ ಇಬ್ಬರನ್ನು ಕರೆಸಿ ಅವರ ಮುಂದೆ ಬಾಟಲಿಯ ಪಂಚನಾಮೆ ಬರೆಸಿದರು. ಗಾಡಿ ಹೊರಡುವಾಗ ಗಾದೆಮ್ಮ ಚಕ್ರದ ಪಕ್ಕ ಬಂದು ನಿಂತಳು.

"ಇದರಿಂದ ನನ್ನ ಮಗನಿಗೆ ಒಳ್ಳೇದಾಗ್ತೈತಿಲ್ಲಪ್ಪಾ?"

ಓಬಳೇಶ ಗುಡ್ಡದ ಕಡೆ ಮುಖ ತಿರುಗಿಸಿದ. ದಸ್ತಗೀರಸಾಬನಿಗೆ ಇಷ್ಟು ದಿನ ಬೇರೆಯವರ ಮೌನ ಓದಿಯಷ್ಟೇ ಗೊತ್ತಿತ್ತು. ತನ್ನ ಮೌನವನ್ನು ಆ ಮುದುಕಿ ಓದುತ್ತಿದ್ದಾಳೆಂದು ಅನ್ನಿಸಿ ಅವನು ಗಾಡಿಯವನಿಗೆ "ಹೊಡಿ" ಎಂದ.

*

ಬಳ್ಳಾರಿಗೆ ಬಂದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಬಾಟಲಿ ಇಟ್ಟು ಸುಂಕಣ್ಣನ ಮೇಲೆ ವಾರಂಟು ಪಡೆದದ್ದಾಯಿತು. ಇಂಡಿಯನ್ ಪೀನಲ್ ಕೋಡ್ ಕಲಂ ೨೧೧: ಕೇಡು ಬಗೆದು ಸುಳ್ಳು ಆಪಾದನೆ ಹೊರಿಸಿದ್ದು. ದಾವಲಸಾಬನ ಬೇಡಿ ಬಿಚ್ಚಲು ಆಜ್ಞೆಯಾಯಿತು.

ಅವನನ್ನು ಅಲ್ಲಿಂದಲೇ ಮನೆಗೆ ಕಳಿಸಬಹುದಿತ್ತು. ದಸ್ತಗೀರಸಾಬ ಕಳಿಸಲಿಲ್ಲ. ಇಮಾಂಬೀಯ ಮಾತು ಅವನ ಕಿವಿಯಲ್ಲಿತ್ತು. ಹೆಸರು ಹೋದದ್ದು ಪ್ರೆಸ್ಸಿನ ಅಂಗಳದಲ್ಲಿ, ಸಿಕ್ಕರೆ ಅಲ್ಲಿಯೇ ಸಿಗಬೇಕು.

ಶುಕ್ರವಾರ ಇಳಿಹೊತ್ತು. ಕೆಲಸಗಾರರೆಲ್ಲ ಹತ್ತಿ ಬೇಲುಗಳ ನೆರಳಿನಲ್ಲಿ ನೆರೆದರು. ಇನ್‌ಸ್ಪೆಕ್ಟರ್ ಅರಗು ಒಡೆಯದ ಬಾಟಲಿಯನ್ನು ಚಂದ್ರಣ್ಣನ ಕೈಗಿತ್ತ. ಚಂದ್ರಣ್ಣ ಉಂಗುರವನ್ನು ಮುದ್ರೆಯ ಪಕ್ಕ ಹಿಡಿದು ನೋಡಿದ, ಒಳಗಿನ ಗಡ್ಡೆ ನೋಡಿದ, ಸುಂಕಣ್ಣನ ಮುಖ ನೋಡಿದ.

"ಬಾಟಲಿದು ತಿಳೀತ್ರಿ" ಎಂದ. ಆಮೇಲೆ ತಡೆದು, "ಆದ್ರ ಅಕ್ಕಿದು?" ಎಂದ.

ದಸ್ತಗೀರಸಾಬ ಈ ಮಾತಿಗೇ ಕಾಯುತ್ತಿದ್ದ. ದುರ್ಗಮ್ಮನ ಗುಡಿಯಿಂದ ಓಬಳೇಶ ತಂದಿದ್ದ ಅಕ್ಕಿಯ ಗಂಟು ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ನಸುಕಿನ ಸಹರಿ ಊಟದ ನಂತರ ಆ ಬಾಯಿಗೆ ಒಂದು ಹನಿ ಬಿದ್ದಿರಲಿಲ್ಲ. ನಿಧಾನವಾಗಿ ಜಗಿದ. ಒಂದು ಕಾಳೂ ಒಳಗಿಳಿಯದಂತೆ ಅಂಗೈಗೆ ಉಗುಳಿ, ಎಲ್ಲರಿಗೂ ಕಾಣುವ ಹಾಗೆ ಕೈ ಚಾಚಿದ. ಅಂಗೈಯಲ್ಲಿ ಒಣ ನುಚ್ಚಿತ್ತು. ಗಾಳಿಗೆ ಅರ್ಧ ಹಾರಿಹೋಯಿತು.

"ನನ್ನನ್ನೂ ಕಂಬಕ್ಕ ಕಟ್ರಿ" ಎಂದ. "ರೋಜಾ ಹಿಡಿದವನ ಬಾಯಾಗ ಸಂಜಿ ಮುಂದ ಎಂಜಲು ಎಲ್ಲಿಂದ ಬರಬೇಕು? ಅವತ್ತು ಇಲ್ಲಿ ರೋಜಾ ಇದ್ದವನು ಅವನೊಬ್ಬನ. ಅಕ್ಕಿ ಮಾತು ಎತ್ತಿದವರಿಗೆ ಇದು ಗೊತ್ತಿತ್ತು."

ಕೆಲವರು ತಲೆ ತಗ್ಗಿಸಿದರು. ಅಷ್ಟರಲ್ಲಿ ಬೇಲುಗಳ ಹಿಂದಿನಿಂದ ಒಂದು ದನಿ ಬಂತು, "ಅವರವರು ಕೂಡಿಕೊಂಡ್ರಪೋ." ಯಾರೋ ಕಿಸಕ್ಕನೆ ನಕ್ಕರು. ನಗೆ ಅಂಗಳದ ತುಂಬ ಹರಡಲಿಲ್ಲ, ಆದರೆ ಯಾರೂ ಅದನ್ನು ತಡೆಯಲೂ ಇಲ್ಲ. ತಗ್ಗಿದ್ದ ತಲೆಗಳು ಒಂದೊಂದಾಗಿ ಎದ್ದವು.

ದಸ್ತಗೀರಸಾಬ ಅಂಗೈ ಒರೆಸಿಕೊಂಡ. ಸುಂಕಣ್ಣ ಹೇಳಿದ್ದ ಎರಡನೇ ಬಗೆಯ ಕೂಡಿಕೆ ಅವನ ನೆನಪಿಗೆ ಬಂತು. ಒಂದನ್ನು ಹೊರಗೆ ಹಾಕದೆ ಕೂಡಲು ಬಾರದ ಕಣಗಳು. ಈ ಮಂದಿ ಮೊದಲು ಒಬ್ಬನನ್ನು ಹೊರಗೆ ಹಾಕಿದ್ದರು. ಈಗ ಇಬ್ಬರು.

ಚಂದ್ರಣ್ಣ ದಾವಲಸಾಬನ ಕಡೆ ನೋಡದೆ ಹೇಳಿದ, "ದೂರು ವಾಪಸ್ ತಗೋತೀನ್ರಿ. ಆದ್ರ ಕಾವಲಿಗೆ ಬ್ಯಾರೆಯವನನ್ನ ಇಟ್ಟಾಗೈತಿ. ಮಂದಿ ಒಪ್ಪಬೇಕಲ್ರಿ."

ಓಬಳೇಶ ವಾರಂಟು ಓದಿದ. ಸುಂಕಣ್ಣ ತಾನಾಗಿಯೇ ಕೈ ಮುಂದೆ ಚಾಚಿದ.

*

ಠಾಣೆಯಲ್ಲಿ ದಸ್ತಗೀರಸಾಬ ಕುರುಗೋಡಿನ ಬಾಟಲಿಯನ್ನು ಮೇಜಿನ ಮೇಲಿಟ್ಟ. ದಾವಲಸಾಬ ಹೇಳಿಕೆಗೆ ಹೆಬ್ಬೆಟ್ಟು ಒತ್ತಲೆಂದು ಬಾಗಿಲ ಬಳಿ ಕಾಯುತ್ತ ಕುಳಿತಿದ್ದ.

"ಅವ್ವ ಕೊಟ್ಟಳೇನು?" ಎಂದ ಸುಂಕಣ್ಣ.

"ಹೂಂ. ಜೋಳದಾಗ ಇಟ್ಟಿದ್ಲು. ತಿಪ್ಪಿಗೆ ಹಾಕಾಕ ಮನಸಾಗಲಿಲ್ಲಂತ."

ಸುಂಕಣ್ಣ ಬೇಡಿಯ ಕೈಗಳಿಂದಲೇ ಬಾಟಲಿ ಎತ್ತಿ ಓರೆ ಮಾಡಿದ. ಗಡ್ಡೆ ಅಂಟಿನೊಳಗೆ ನಿಧಾನವಾಗಿ ಹೊರಳಿತು. ಮಗುವಿನ ಮಗ್ಗುಲು ಬದಲಿಸುವಷ್ಟು ಮೆಲ್ಲಗೆ ಇನ್ನೊಂದು ಕಡೆ ತಿರುಗಿಸಿದ.

"ತಾನಾಗೇ ಆತು ಅಂತ ದೊರಿ ಮುಂದ ಹೇಳಿದ್ರ ಮುಗೀತಿತ್ತಲ್ಲ" ಎಂದ ಇನ್‌ಸ್ಪೆಕ್ಟರ್. "ಮರ ಇಲ್ಲದ ರಬ್ಬರ್ ಕಂಡುಹಿಡಿದವರು ನೀವ ಆಗ್ತಿದ್ರಿ."

ಸುಂಕಣ್ಣ ಗಾಜಿಗೆ ಉಳಿದಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

"ಅದಕ್ಕ ನಾನು ಬೇಕಾಗಿರಲಿಲ್ಲ" ಎಂದ ಸುಂಕಣ್ಣ. "ಆಮ್ಲ ಎಷ್ಟು, ಕಾವು ಎಷ್ಟು, ಯಾವ ಗಳಿಗ್ಯಾಗ ಹಾಕಬೇಕು... ಇದು ನನ್ನ ಕೈಗಷ್ಟ ಗೊತ್ತು ಅಂತ ಊರಿಗೆಲ್ಲ ಹೇಳಿದ್ದೆ. ನಾನೂ ನಂಬಿದ್ದೆ. ಅವ್ವನ ಮನ್ಯಾಗ ಬಾಟಲಿ ಎತ್ತಿ ನೋಡಿದ್ರ, ನಾನು ಇಲ್ಲದ ವರ್ಷದಾಗ, ಕತ್ತಲ್ಯಾಗ, ಅದರಷ್ಟಕ್ಕ ಅದು ಆಗಿ ಕುಂತಿತ್ತು. ಯಾರಾದ್ರೂ ಕದ್ದಿದ್ರ ಚಲೋ ಇತ್ತು ಅನಿಸ್ತು. ಅನಿಸಿದ್ದನ್ನ ಹೇಳಿಬಿಟ್ಟೆ."

"ಹೇಳಿದ್ದಷ್ಟ ಅಲ್ಲ. ಅಕ್ಕಿ ತರಿಸಿದ್ರಿ."

ಸುಂಕಣ್ಣ ಬಾಟಲಿಯನ್ನು ಕೆಳಗಿಟ್ಟ.

ಹೊರಗೆ ಹೊತ್ತು ಮುಳುಗಿ ಮಸೀದಿಯ ಬಾಂಗು ಕೇಳಿತು. ಓಬಳೇಶ ಎರಡು ಲೋಟ ನೀರು ತಂದು ಒಂದನ್ನು ಮೇಜಿನ ಮೇಲೆ, ಒಂದನ್ನು ಬಾಗಿಲ ಬಳಿ ಇಟ್ಟ. ದಸ್ತಗೀರಸಾಬನಿಗೆ ಕೆಂಚನಗುಡ್ಡದಲ್ಲಿ ಕೇಳಿ ಅರ್ಧಕ್ಕೆ ನಿಂತಿದ್ದ ಪ್ರಶ್ನೆ ನೆನಪಾಯಿತು.

"ದಾವಲಸಾಬ, ಗಡ್ಡಿ ಬೆಳೆಯೋದನ್ನ ದಿನಾ ನೋಡ್ತಿದ್ದೆ ಅಂದಿ. ಯಾಕ ಯಾರಿಗೂ ಹೇಳಲಿಲ್ಲ?"

ದಾವಲಸಾಬ ಬಾಯಿಗೊಯ್ದ ಲೋಟ ಕೆಳಗಿಳಿಸಿದ. ಸುಂಕಣ್ಣನ ಕಡೆ ನೋಡಿದ. ಆ ನೋಟದಲ್ಲಿ ಇನ್ನೂ ಹಳೆಯ ಮರ್ಯಾದೆಯೇ ಇತ್ತು.

"ಹೇಳೋದೇನೈತ್ರಿ ಸಾಹೇಬ್ರ. ಸಾಮಿಗಳ ಕೈಗುಣ ಅಂದುಕೊಂಡಿದ್ದೆ. ಮದರಾಸಿನಾಗ ಇದ್ರೂ ಇಲ್ಲಿ ಅವರ ಕೆಲಸ ನಡದೈತಿ, ಎಂಥಾ ವಿದ್ಯಾ ಅಂತ ದಿನಾ ಕೈ ಮುಗೀತಿದ್ದೆ."

ಸುಂಕಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ದಾವಲಸಾಬ ನೀರು ಕುಡಿದ, ಹೆಬ್ಬೆಟ್ಟು ಒತ್ತಿದ, ಲೋಟ ತೊಳೆದು ಬೋರಲು ಹಾಕಿದ, ಕೆಂಚನಗುಡ್ಡದ ದಾರಿ ಹಿಡಿದ.